ಧ್ರುವದ ನೆಲ

ಮೊನ್ನೆ ಒಂಬತ್ತನೆಯ ತರಗತಿಗೆ ಭೂಗೋಳದ ಪಾಠ ಹೇಳುತ್ತಿದ್ದಾಗ ಸೈಬೀರಿಯದ ನೆಲದ ಮಾತು ಬಂದಿತು. ಬೇಸಗೆ, ಚಳಿಗಾಲ ಎನ್ನದೆ ಕಲ್ಲಿನಂತೆ ಹೆಪ್ಪುಗಟ್ಟಿ ಕುಳಿತಿರುವ ಅಲ್ಲಿಯ ಮಣ್ಣಿಗೆ ಇಂಗ್ಲಿಷಿನವರು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಒಂದು ಗಳಿಗೆ ಯೋಚಿಸಿ, ಕರಿಹಲಗೆಯ ಮೇಲೆ 'ಶಾಶ್ವತ ಹಿಮನೆಲ' ಎಂದು ಬರೆದೆ. ಬರೆದು, ಅದು ಈಗ ಕರಗತೊಡಗಿದೆ ಎಂಬ ಮುಂದಿನ ವಾಕ್ಯವನ್ನು ಮುಗಿಸುವಷ್ಟರಲ್ಲಿ ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಶಾಶ್ವತ ಅಂದಮೇಲೆ ಅದು ಕರಗೋದು ಹೇಗೆ?" ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಗಂಟೆ ಹೊಡೆದು ಪಾಠ ಮುಗಿಯಿತು. ಆದರೆ ಆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲಿಯೇ ಮನೆಗೆ ಬಂದಿತು.

ಹೆಸರಿಡುವಲ್ಲಿ ಎಡವಿದವನು ನಾನೊಬ್ಬನೇ ಅಲ್ಲವೆಂಬುದು ಆಮೇಲೆ ತಿಳಿದು ಸ್ವಲ್ಪ ಸಮಾಧಾನವಾಯಿತು. 1927ರಲ್ಲಿ ಮಿಖಾಯಿಲ್ ಸುಮ್ಗಿನ್ ಎಂಬ ರಷ್ಯದ ವಿದ್ವಾಂಸರು ಈ ನೆಲವನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದಾಗ ಬಳಸಿದ ಹೆಸರು 'ವೇಚ್ನಯಾ ಮೆರ್ಜ್‌ಲತಾ'; ನಿತ್ಯವಾದ ಹೆಪ್ಪು ಎಂದು ಅದರ ಅರ್ಥ. ನಿತ್ಯವೆಂಬ ಮಾತು ವಿಜ್ಞಾನಕ್ಕೆ ಒಪ್ಪುವುದಿಲ್ಲ, ಬಹುವರ್ಷದ ಹೆಪ್ಪು ಎಂದರೆ ಸಾಕು ಎಂದು ಅವರ ನಾಡಿನಲ್ಲಿಯೇ ಆಕ್ಷೇಪಿಸಿದವರುಂಟು. 1943ರಲ್ಲಿ ಸೀಮನ್ ಮುಲ್ಲರ್ ಎಂಬ ಭೂವಿಜ್ಞಾನಿ ಅಮೆರಿಕದ ಸೈನ್ಯದ ಉಪಯೋಗಕ್ಕೆಂದು ರಷ್ಯನ್ ತಿಳಿವಳಿಕೆಯನ್ನು ಇಂಗ್ಲಿಷಿಗೆ ತರುವಾಗ ಆ ನಿತ್ಯತ್ವವನ್ನು ಹಾಗೆಯೇ ಉಳಿಸಿಕೊಂಡು ಪರ್ಮಾಫ್ರಾಸ್ಟ್ ಎಂಬ ಪದವನ್ನು ಹೊಸೆದರು. ಇನ್ನು ಲಕ್ಷಣವನ್ನು ನೋಡಿದರೆ ನಗು ಬರುತ್ತದೆ: ಎರಡು ವರ್ಷ ಎಡೆಬಿಡದೆ ಶೂನ್ಯ ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗೆ ಇದ್ದ ನೆಲವೆಲ್ಲ ಪರ್ಮಾಫ್ರಾಸ್ಟೇ. ಎರಡು ವರ್ಷ ಬಾಳಿದುದನ್ನು ಶಾಶ್ವತವೆನ್ನುವ ವಾಡಿಕೆ ನಮ್ಮ ಊರಿನ ಡಾಂಬರು ರಸ್ತೆಗಳಿಗಾದರೆ ಒಪ್ಪೀತು.

ನಮ್ಮ ಭಾಷೆಯೂ ಈ ಮೋಹಕ್ಕೆ ಹೊರತಲ್ಲ. ಭೂಮಿಯ ತುದಿಯನ್ನು ನಾವು ಧ್ರುವವೆಂದು ಕರೆಯುತ್ತೇವೆ. ಧ್ರುವವೆಂದರೆ ಅಚಲವಾದದ್ದು, ಕದಲದೆ ನಿಂತದ್ದು. ಆಕಾಶದ ಚಿಕ್ಕೆಗೆ ಸಲ್ಲುವ ಆ ಹೆಸರನ್ನು ಅದರ ಅಡಿಯಲ್ಲಿರುವ ನೆಲಕ್ಕೂ ಕೊಟ್ಟುಬಿಟ್ಟೆವು. ಅದಿರಲಿ, ಈ ಬರಹದಲ್ಲಿ ನಾನು 'ಹೆಪ್ಪುನೆಲ' ಎಂಬ ಮಾತನ್ನು ಬಳಸುತ್ತೇನೆ. ನಮ್ಮ ಅಡುಗೆಮನೆಯ ಹೆಪ್ಪಿಗೂ ಇದಕ್ಕೂ ಒಂದೇ ವ್ಯತ್ಯಾಸ: ಹೆಪ್ಪುಗೊಂಡ ಹಾಲು ಮತ್ತೆ ಹಾಲಾಗುವುದಿಲ್ಲ, ಹೆಪ್ಪುಗೊಂಡ ನೆಲ ಮತ್ತೆ ಕೆಸರಾಗಬಲ್ಲದು.

ನಾನು ಆ ನಾಡನ್ನು ಕಂಡವನಲ್ಲ; ಓದಿ ತಿಳಿದವನು. ಓದಿದುದರಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿದದ್ದು ಒಂದು ಬಾವಿಯ ಕತೆ. ಪೂರ್ವ ಸೈಬೀರಿಯದಲ್ಲಿ ಲೇನಾ ನದಿಯ ದಡದ ಮೇಲೆ ಯಾಕುತ್ಸ್ಕ್ ಎಂಬ ಪಟ್ಟಣವಿದೆ. 1828ರ ಸುಮಾರಿಗೆ ಅಲ್ಲಿ ಫ್ಯೋದರ್ ಶೆರ್ಗಿನ್ ಎಂಬವನೊಬ್ಬ ತುಪ್ಪುಳು ಚರ್ಮಗಳ ವ್ಯಾಪಾರದ ರಷ್ಯನ್-ಅಮೆರಿಕನ್ ಕಂಪೆನಿಯ ಕಚೇರಿಯನ್ನು ನೋಡಿಕೊಳ್ಳುತ್ತಿದ್ದ. ಕುಡಿಯುವ ನೀರಿಗೆಂದು ಅಂಗಳದಲ್ಲಿ ಬಾವಿ ತೋಡಿಸಲು ತೊಡಗಿದ. ತೋಡಿದಷ್ಟೂ ಮಣ್ಣು ಹೆಪ್ಪುಗಟ್ಟಿಯೇ ಇದ್ದಿತು. ನಮ್ಮ ಬಯಲುಸೀಮೆಯಲ್ಲಿ ಬಾವಿ ತೋಡಿಸಿ ನೀರು ಕಾಣದ ರೈತನ ಸಂಕಟ ನಮಗೆ ಹೊಸದಲ್ಲ. ಆದರೆ ಶೆರ್ಗಿನ್ನನದು ಬೇರೆಯೇ ಬಗೆಯ ಸಂಕಟ. ನೀರೇನೋ ಅವನ ಗುದ್ದಲಿಯ ಮುಂದೆಯೇ ಇದ್ದಿತು, ಕಲ್ಲಾಗಿ ಇದ್ದಿತು. ಬೇಸತ್ತು ಕೈಬಿಡುವುದರಲ್ಲಿದ್ದವನನ್ನು, ಆ ದಾರಿಯಾಗಿ ಹೋಗುತ್ತಿದ್ದ ನಾವಿಕ ವ್ರಾಂಗೆಲ್, ನೀರಿಗಲ್ಲದಿದ್ದರೂ ವಿಜ್ಞಾನಕ್ಕಾಗಿ ಮುಂದುವರಿಸು ಎಂದು ಹುರಿದುಂಬಿಸಿದನಂತೆ. ಶೆರ್ಗಿನ್ ಮುಂದುವರಿಸಿದ. ಒಂಬತ್ತು ವರ್ಷಗಳ ಹೊತ್ತಿಗೆ ಬಾವಿ 116 ಮೀಟರು ಇಳಿದಿತ್ತು; ಆಗಲೂ ಒಂದು ಹನಿ ಜಿನುಗಲಿಲ್ಲ.

1844ರಲ್ಲಿ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯ ಪರವಾಗಿ ಅಲೆಕ್ಸಾಂಡರ್ ಮಿಡೆನ್‌ಡಾರ್ಫ್ ಅಲ್ಲಿಗೆ ಬಂದು, ಆ ಬಾವಿಯೊಳಕ್ಕೆ ಇಳಿದು, ಗೋಡೆಯಲ್ಲಿ ಅಲ್ಲಲ್ಲಿ ಉಷ್ಣಮಾಪಕಗಳನ್ನಿಟ್ಟು ಅಳೆದ. ಕೆಳಕೆಳಗೆ ಹೋದಂತೆ ಚಳಿ ತಗ್ಗುತ್ತಿದ್ದರೂ ತಳದಲ್ಲಿಯೂ ಅದು ಶೂನ್ಯಕ್ಕಿಂತ ಸುಮಾರು 3 ಡಿಗ್ರಿ ಕೆಳಗೇ ಇದ್ದಿತು. ಭೂಮಿಯೊಳಗೆ ಅಷ್ಟು ಆಳದವರೆಗೆ ಹಿಮಗಟ್ಟಿದ ಮಣ್ಣಿದೆಯೆಂಬ ಮಾತನ್ನು ಯುರೋಪಿನ ಪಂಡಿತರು ಅದುವರೆಗೆ ಸುಲಭವಾಗಿ ನಂಬಿರಲಿಲ್ಲ. ನೀರು ಕೊಡದ ಬಾವಿಯೊಂದು ಅವರ ಸಂದೇಹವನ್ನು ಕಳೆಯಿತು.

ಈ ಆಳ ಬಂದದ್ದು ಹೇಗೆ? ಭೂಮಿಯ ಒಡಲಿನಿಂದ ಕಾವು ಮೇಲಕ್ಕೆ ಬರುತ್ತಿರುತ್ತದೆ. ಮೇಲಿನಿಂದ ಚಳಿ ಕೆಳಕ್ಕೆ ಇಳಿಯುತ್ತಿರುತ್ತದೆ. ಸಾವಿರಾರು ವರ್ಷಗಳ ಈ ಜಗ್ಗಾಟದಲ್ಲಿ ಎರಡೂ ಸಮನಾಗಿ ನಿಂತ ಗೆರೆಯೇ ಹೆಪ್ಪುನೆಲದ ತಳ. ಸೈಬೀರಿಯದಲ್ಲಿ ಕೆಲವೆಡೆ ಆ ಗೆರೆ ಸುಮಾರು ಒಂದೂವರೆ ಕಿಲೋಮೀಟರಿನಷ್ಟು ಕೆಳಗಿದೆ. ಮನುಷ್ಯರಾರೂ ಕಂಡಿರದ ಚಳಿಗಾಲಗಳ ಚಳಿಯನ್ನು ತುಂಬಿಟ್ಟ ಹಗೇವು ಅದು.

ಈ ನೆಲದ ಮೇಲೆ ಬದುಕು ನಡೆಯುವುದು ತೆಳುವಾದ ಒಂದು ಮೇಲ್ಪದರದಲ್ಲಿ. ಬೇಸಗೆಯಲ್ಲಿ ಅರ್ಧ ಮೀಟರೋ ಎರಡು ಮೀಟರೋ ಕರಗಿ, ಹುಲ್ಲು ಪಾಚಿಗಳಿಗೂ ಲಾರ್ಚ್ ಮರಗಳ ಬೇರಿಗೂ ಎಡೆಗೊಟ್ಟು, ಚಳಿ ಬಂದೊಡನೆ ಅದು ಮತ್ತೆ ಗಟ್ಟಿಯಾಗುತ್ತದೆ. ಅದರ ಕೆಳಗಿನದೇ ನಿಜವಾದ ಹೆಪ್ಪುನೆಲ. ಅದು ಬರಿಯ ಮಣ್ಣಲ್ಲ. ಕಡುಚಳಿಯಲ್ಲಿ ನೆಲ ಬಿರಿಯುತ್ತದೆ, ವಸಂತದಲ್ಲಿ ಬಿರುಕಿನೊಳಕ್ಕೆ ನೀರಿಳಿದು ನೀರ್ಗಲ್ಲಾಗುತ್ತದೆ, ಮರುವರ್ಷ ಅದೇ ಜಾಗದಲ್ಲಿ ಮತ್ತೆ ಬಿರುಕು. ಕೂದಲೆಳೆಯ ಗೆರೆಯಾಗಿ ಹುಟ್ಟಿದ್ದು ಸಾವಿರಾರು ವರ್ಷಗಳಲ್ಲಿ ಮೀಟರುಗಟ್ಟಲೆ ಅಗಲದ, ಮರದೆತ್ತರದ ಬೆಣೆಯಾಗಿ ಬೆಳೆಯುತ್ತದೆ. ಯಾಕೂತಿಯದ ಎಷ್ಟೋ ಕಡೆಗಳಲ್ಲಿ ನೆಲದ ಅರ್ಧಕ್ಕಿಂತ ಹೆಚ್ಚು ಪಾಲು ಇಂಥ ನೀರ್ಗಲ್ಲೇ. ಮೇಲೆ ನೋಡಿದರೆ ಕಾಡು, ಹುಲ್ಲುಗಾವಲು, ಮನೆ, ದನದ ಕೊಟ್ಟಿಗೆ. ಕೆಳಗೆ ನಿಂತಿರುವುದು ನೀರಿನ ಕಂಬಗಳು.

ಅಲ್ಲಿಯ ಸಖಾ ಜನ ಈ ನೆಲದ ಮರ್ಮವನ್ನು ಬಲ್ಲವರು. ಮಾಂಸ ಮೀನುಗಳನ್ನು 'ಬುಲೂಸ್' ಎಂಬ ನೆಲಮಾಳಿಗೆಯಲ್ಲಿ ಇಡುತ್ತಾರೆ. ಬೇಸಗೆಯಲ್ಲಿಯೂ ಅದು ಕೆಡುವುದಿಲ್ಲ. ಚಳಿಗಾಲದ ಆರಂಭದಲ್ಲಿ ಕೆರೆಯ ನೀರ್ಗಲ್ಲನ್ನು ಇಟ್ಟಿಗೆಗಳಂತೆ ಕೊಯ್ದು ತಂದು ಕುಡಿಯುವ ನೀರಿಗೆ ಸಂಗ್ರಹಿಸುತ್ತಾರೆ. ಮೂರು ಲಕ್ಷಕ್ಕೂ ಮೀರಿದ ಜನರಿರುವ ಯಾಕುತ್ಸ್ಕ್ ಪಟ್ಟಣದ ದೊಡ್ಡ ಕಟ್ಟಡಗಳು ನೆಲಕ್ಕೆ ತಾಗಿ ನಿಂತಿಲ್ಲ. ಆಳವಾಗಿ ಹೂತ ಕಾಂಕ್ರೀಟು ಕಂಬಗಳ ಮೇಲೆ, ಅಡಿಯಲ್ಲಿ ಗಾಳಿಯಾಡಲು ಎಡೆಬಿಟ್ಟು ನಿಂತಿವೆ. ಮನೆಯೊಳಗಿನ ಬಿಸಿ ನೆಲಕ್ಕೆ ತಗುಲಿದರೆ ಮನೆಯೇ ತನ್ನ ಬುಡವನ್ನು ಕರಗಿಸಿಕೊಂಡೀತು ಎಂಬ ಎಚ್ಚರ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಹೆಪ್ಪುನೆಲ ಕರಗುವುದು ಹೊಸದೂ ಅಲ್ಲ, ಯಾವಾಗಲೂ ಕೇಡೂ ಅಲ್ಲ. ಹಿಮಯುಗ ಮುಗಿದ ಮೇಲೆ ಯಾಕೂತಿಯದಲ್ಲಿ ಅಲ್ಲಲ್ಲಿ ನೆಲದೊಳಗಿನ ನೀರ್ಗಲ್ಲು ಕರಗಿ, ನೆಲ ಕುಸಿದು ಬಟ್ಟಲಿನಂಥ ತಗ್ಗುಗಳಾದವು. ನೀರು ನಿಂತು ಕೆರೆಯಾಯಿತು. ಕೆರೆ ಬತ್ತುತ್ತ ಬಂದಂತೆ ಸುತ್ತ ಸೊಂಪಾದ ಹುಲ್ಲು ಬೆಳೆಯಿತು. ಇವಕ್ಕೆ ಸಖಾ ಭಾಷೆಯಲ್ಲಿ 'ಅಲಾಸ್' ಎಂದು ಹೆಸರು. ಅಷ್ಟು ಉತ್ತರದಲ್ಲಿ ಆ ಜನ ಹಸುವನ್ನೂ ಕುದುರೆಯನ್ನೂ ಸಾಕಿ ಬದುಕಿರುವುದು ಈ ಅಲಾಸ್‌ಗಳ ಹುಲ್ಲಿನ ಬಲದಿಂದ. ಹಿಂದಿನ ಕರಗುವಿಕೆ ಅವರಿಗೆ ಹುಲ್ಲುಗಾವಲನ್ನು ಕೊಟ್ಟಿತು. ಆದರೆ ಅದು ಸಾವಿರಾರು ವರ್ಷಗಳ ಕೆಲಸ. ಈಗಿನದು ಒಂದು ತಲೆಮಾರು ಕಣ್ಣಾರೆ ಕಾಣುವ ಕೆಲಸ.

ಯಾಕುತ್ಸ್ಕಿನ ಪೂರ್ವದಲ್ಲಿ ಚುರಾಪ್ಚಾ ಎಂಬ ಊರಿದೆ. ಒಂದು ಕಾಲದಲ್ಲಿ ಉತ್ತು ಬಿತ್ತಿದ್ದ ಅಲ್ಲಿಯ ಹೊಲಗಳೂ, ಹಿಂದೆ ವಿಮಾನ ಇಳಿಯುತ್ತಿದ್ದ ಬಯಲೂ ಈಗ ಬಣವೆಗಳನ್ನು ಸಾಲುಸಾಲಾಗಿ ಒಟ್ಟಿದಂತೆ ಉಬ್ಬುತಗ್ಗುಗಳಾಗಿವೆ. ಬೆಣೆಗಳ ಜಾಲ ಕರಗಿ ತಗ್ಗಾಯಿತು. ಜಾಲದ ಕಣ್ಣುಗಳಲ್ಲಿದ್ದ ಮಣ್ಣು ದಿಬ್ಬವಾಗಿ ಉಳಿಯಿತು. ಮನೆಗಳು ಓರೆಯಾಗುತ್ತಿವೆ, ಬೇಲಿಗಳು ಅಲೆಯಲೆಯಾಗಿ ನಿಂತಿವೆ. ಕೆರೆ ಒಡೆದರೆ ಕಟ್ಟೆ ಹಾಕಬಹುದು, ಗೋಡೆ ಬಿರಿದರೆ ಗಾರೆ ಮೆತ್ತಬಹುದು. ಹೊಲವೇ ನಡುಗಡ್ಡೆಗಳಾಗಿ ಒಡೆದುಹೋದರೆ ರೈತ ಯಾವುದನ್ನು ತಾನೆ ರಿಪೇರಿ ಮಾಡಿಯಾನು?

ಕಾರಣ ಎಲ್ಲರೂ ಬಲ್ಲದ್ದೇ. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಜಗತ್ತು ಬಿಸಿಯಾಗುತ್ತಿದೆ. 1979ರಿಂದೀಚೆಗೆ ಉತ್ತರ ಧ್ರುವಪ್ರದೇಶವು ಭೂಮಂಡಲದ ಸರಾಸರಿಗಿಂತ ಸುಮಾರು ನಾಲ್ಕರಷ್ಟು ವೇಗದಲ್ಲಿ ಬಿಸಿಯಾಗಿದೆ. 1892ರಲ್ಲಿ ಶೂನ್ಯಕ್ಕಿಂತ 67.8 ಡಿಗ್ರಿ ಕೆಳಗಿನ ಚಳಿಯನ್ನು ಕಂಡ ವೆರ್ಖೊಯಾನ್ಸ್ಕ್ ಪಟ್ಟಣ 2020ರ ಜೂನ್ 20ರಂದು 38 ಡಿಗ್ರಿ ಬಿಸಿಲನ್ನು ಕಂಡಿತು. ರಾಯಚೂರಿನ ಬೇಸಗೆಯ ದಿನವೊಂದಕ್ಕೆ ಸಲ್ಲುವ ಅಂಕಿ. ನೆಲದೊಳಗಿನ ಅಂಕಿ ಇಷ್ಟು ಅಬ್ಬರದ್ದಲ್ಲ. 2007ರಿಂದ 2016ರವರೆಗಿನ ಹತ್ತು ವರ್ಷಗಳಲ್ಲಿ ಲೋಕದ ಹೆಪ್ಪುನೆಲ ಸರಾಸರಿ 0.29 ಡಿಗ್ರಿಯಷ್ಟು ಬಿಸಿಯಾಯಿತೆಂದು ಕೊಳವೆ ಕೊರೆದು ಅಳೆದವರು ಹೇಳುತ್ತಾರೆ. ಕೇಳಿದವರು ಇಷ್ಟೇತಾನೆ ಎನ್ನಬಹುದು. ಆದರೆ ನೀರ್ಗಲ್ಲಿನ ಸ್ವಭಾವವನ್ನು ನಮ್ಮ ವಿಜ್ಞಾನದ ವಿದ್ಯಾರ್ಥಿಗಳು ನೆನೆಯಬೇಕು. ಶೂನ್ಯಕ್ಕೆ ಬಂದ ಮೇಲೆ ಅದು ಎಷ್ಟು ಕಾವನ್ನು ಕುಡಿದರೂ, ಪೂರ್ತಿ ಕರಗುವತನಕ ಉಷ್ಣಮಾಪಕದ ಗೆರೆ ಏರುವುದಿಲ್ಲ. ಪಾದರಸ ಸುಮ್ಮನೆ ನಿಂತಿರುತ್ತದೆ. ಒಳಗೆ ಕಲ್ಲು ನೀರಾಗುತ್ತಿರುತ್ತದೆ. ಅಂಕಿ ಏರದಿರುವ ಕಾಲವೇ ನೆಲ ಸೋಲುತ್ತಿರುವ ಕಾಲ.

ಮೇಲಿನ ಹೊದಿಕೆ ಹೋದರಂತೂ ಹೇಳುವುದೇ ಬೇಡ. ಪಾಚಿಯೂ ಮರದ ನೆರಳೂ ಈ ನೆಲಕ್ಕೆ ಕೊಡೆಯಿದ್ದಂತೆ. ವೆರ್ಖೊಯಾನ್ಸ್ಕ್ ಸೀಮೆಯ ಬತಗಾಯ್ ಊರಿನ ಬಳಿ 1960ರ ದಶಕದಲ್ಲಿ ಕಾಡು ಕಡಿದ ಜಾಗದಲ್ಲಿ ಸಣ್ಣ ಕೊರಕಲೊಂದು ಮೂಡಿತು. ಅದು ಬೆಳೆಯುತ್ತ ಹೋಗಿ ಇಂದು ಸುಮಾರು ಒಂದು ಕಿಲೋಮೀಟರು ಉದ್ದ, ಐವತ್ತು ಮೀಟರಿಗೂ ಮೀರಿದ ಆಳದ ಕುಸಿತವಾಗಿದೆ. ಬೇಸಗೆಯಲ್ಲಿ ಅದರ ದಂಡೆ ಕರಗಿ ಹನಿಯುತ್ತದೆ, ಮಣ್ಣು ಹೆಂಟೆಹೆಂಟೆಯಾಗಿ ಕೆಳಗುರುಳುತ್ತದೆ. ಸುತ್ತಲ ಜನ ಅದನ್ನು ಪಾತಾಳದ ಬಾಗಿಲೆನ್ನುತ್ತಾರೆ. ಅದರ ತಳದ ಹೆಪ್ಪುನೆಲಕ್ಕೆ ಆರು ಲಕ್ಷದ ಐವತ್ತು ಸಾವಿರ ವರ್ಷಗಳ ವಯಸ್ಸೆಂದು ಲೆಕ್ಕ. ಅಷ್ಟು ಕಾಲ ಎಷ್ಟೋ ಬಿಸಿಯುಗಗಳನ್ನು ತಾಳಿಕೊಂಡದ್ದು, ಕೊಡಲಿಯಿಂದ ಆರಂಭವಾದ ಗಾಯವನ್ನು ತಾಳಲಾರದಾಯಿತು. ಹವೆಯೊಂದನ್ನೇ ದೂರಿದರೆ ಸಾಲದೆಂಬುದಕ್ಕೆ ಇದು ಸಾಕ್ಷಿ.

ಕರಗುವ ನೆಲ ಏನೇನನ್ನು ಹೊರಗೆಡಹುತ್ತದೆಂಬುದು ಬೇರೆ ಕತೆ. 2018ರಲ್ಲಿ ಬತಗಾಯ್ ಕುಸಿತದಲ್ಲಿ ಕುದುರೆಯ ಮರಿಯೊಂದು ಸಿಕ್ಕಿತು. ಸತ್ತು ನಲವತ್ತು ಸಾವಿರ ವರ್ಷಗಳು ಕಳೆದಿದ್ದರೂ ಮೈಮೇಲಿನ ಕೂದಲು, ಗೊರಸು, ಬಾಲ ಎಲ್ಲವೂ ಇದ್ದವು. ನನಗೆ ಅದಕ್ಕಿಂತ ಕೌತುಕವೆನಿಸಿದ್ದು ಕೊಲಿಮಾ ನದಿಯ ದಡದ ಅಳಿಲಿನ ಬಿಲ. ಸುಮಾರು 32,000 ವರ್ಷಗಳ ಹಿಂದೆ ನೆಲದ ಅಳಿಲೊಂದು ಮುಂದಿನ ಚಳಿಗಾಲಕ್ಕೆಂದು ಕಾಯಿ ಬೀಜಗಳನ್ನು ಕೂಡಿಟ್ಟಿತ್ತು. ಅದಕ್ಕೆ ತಿನ್ನುವ ಯೋಗವಿರಲಿಲ್ಲ, ಬಿಲ ಹೆಪ್ಪುಗಟ್ಟಿತು. ಆ ಕಾಯಿಯ ಅಂಶದಿಂದ ರಷ್ಯದ ವಿಜ್ಞಾನಿಗಳು ಸಸಿ ಬೆಳೆಸಿ, ಅದು ಬಿಳಿಯ ಹೂ ಬಿಟ್ಟು ಬೀಜ ಕಟ್ಟಿತೆಂದು 2012ರಲ್ಲಿ ವರದಿಮಾಡಿದರು. ಸೈಲೀನ್ ಸ್ಟೆನೊಫಿಲ್ಲ ಎಂದು ಆ ಗಿಡದ ಹೆಸರು.

ಹೂವಿನ ಕತೆ ಹೀಗಾದರೆ ರೋಗದ್ದೂ ಒಂದು ಕತೆಯಿದೆ. 2016ರ ಬೇಸಗೆಯಲ್ಲಿ ಯಮಾಲ್ ಪರ್ಯಾಯದ್ವೀಪದಲ್ಲಿ ಹಿಂದೆಂದೂ ಇಲ್ಲದ ಸೆಕೆ. ನಮ್ಮ ಪಶುವೈದ್ಯರು ನೆರಡಿಯೆನ್ನುವ ಆಂಥ್ರಾಕ್ಸ್ ರೋಗ ಅಲ್ಲಿ ಕಾಣಿಸಿಕೊಂಡು ಎರಡು ಸಾವಿರಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು; ಹನ್ನೆರಡು ವರ್ಷದ ಬಾಲಕನೊಬ್ಬನೂ ತೀರಿಕೊಂಡ. ಅಲ್ಲಿ ಹಿಂದೆ ಆ ಬೇನೆ ಬಂದದ್ದು 1941ರಲ್ಲಿ. ಆಗ ಸತ್ತ ಪ್ರಾಣಿಗಳ ಕಳೇಬರದಲ್ಲಿದ್ದ ರೋಗಬೀಜ ನೆಲ ಕರಗಿದಾಗ ಎಚ್ಚೆತ್ತಿತೆಂಬುದು ಹಲವರ ಅಭಿಪ್ರಾಯ. 2007ರಿಂದ ಹಿಮಸಾರಂಗಗಳಿಗೆ ಲಸಿಕೆ ಹಾಕುವುದನ್ನು ನಿಲ್ಲಿಸಿದ್ದರೆಂಬುದನ್ನೂ ಜೊತೆಯಲ್ಲಿಯೇ ಹೇಳಬೇಕು. ಬಹಳ ದಿನದಿಂದ ಬಾರದ ರೋಗ ಇನ್ನು ಬಾರದೆಂದು ನಂಬಿದ್ದು ನೆಲದ ತಪ್ಪಲ್ಲ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಇಂಗಾಲದ್ದು. ಹಿಮಯುಗದಿಂದ ಈಚೆಗೆ ಆ ಸೀಮೆಯಲ್ಲಿ ಸತ್ತ ಹುಲ್ಲು, ಬೇರು, ಪಾಚಿಗಳು ಕೊಳೆಯಲು ಬಿಡುವಾಗುವ ಮೊದಲೇ ಹೆಪ್ಪುಗಟ್ಟಿದವು. ಅವುಗಳಲ್ಲಿ ಅಡಗಿರುವ ಇಂಗಾಲ ಸುಮಾರು 1,500 ಶತಕೋಟಿ ಟನ್ನು. ಇಂದು ವಾತಾವರಣದಲ್ಲಿರುವ ಇಂಗಾಲದ ಹತ್ತಿರಹತ್ತಿರ ಎರಡರಷ್ಟು. ನೆಲ ಕರಗಿದಲ್ಲಿ ಸೂಕ್ಷ್ಮಜೀವಿಗಳು ಎದ್ದು ಆ ಹಳೆಯ ಊಟಕ್ಕೆ ಕೂರುತ್ತವೆ. ಗಾಳಿಯಿದ್ದಲ್ಲಿ ಇಂಗಾಲಾಮ್ಲವನ್ನೂ, ಕೆರೆಯ ತಳದಂಥ ಗಾಳಿಯಿಲ್ಲದೆಡೆ ಮೀಥೇನನ್ನೂ ಹೊರಬಿಡುತ್ತವೆ. ಇದನ್ನು ಬಾಂಬು ಎಂದು ಕರೆಯುವವರಿದ್ದಾರೆ. ಆ ಮಾತು ನನಗೆ ಒಪ್ಪಿಗೆಯಾಗಿಲ್ಲ. ಬಾಂಬಾದರೆ ಒಮ್ಮೆ ಸಿಡಿದು ಮುಗಿಯುತ್ತದೆ. ಇದು ತಳ ಸೀಳಿದ ಮಡಕೆ. ದಶಕಗಳ, ಶತಮಾನಗಳ ಕಾಲ ಸೋರುವಂಥದ್ದು, ಸೋರಿದ್ದನ್ನು ನಮ್ಮ ಮೊಮ್ಮಕ್ಕಳ ಕಾಲದೊಳಗೆ ಮರಳಿ ತುಂಬಲಾಗದ್ದು. ಸೋರಿಕೆಯ ಪ್ರಮಾಣ ಮಾತ್ರ ಇನ್ನೂ ಮನುಷ್ಯರ ಹೊಗೆಯ ಪ್ರಮಾಣವನ್ನು ಅವಲಂಬಿಸಿದೆ. ಕೊಲಿಮಾ ಸೀಮೆಯ ಚೆರ್ಸ್ಕಿಯಲ್ಲಿ ಸೆರ್ಗೇಯ್ ಜಿಮೊವ್ ಎಂಬ ವಿಜ್ಞಾನಿ 1996ರಿಂದ ಕುದುರೆ, ಕಾಡೆತ್ತು ಮೊದಲಾದುವನ್ನು ತಂದು ಬಿಟ್ಟು ಒಂದು ಪ್ರಯೋಗ ನಡೆಸಿದ್ದಾರೆ. ಹಿಮದ ರಾಶಿಯೆಂಬುದು ನೆಲಕ್ಕೆ ಹೊದಿಸಿದ ಕಂಬಳಿ. ಪ್ರಾಣಿಗಳು ಅದನ್ನು ತುಳಿದು ಕೆದರಿದರೆ ಚಳಿ ನೆಲಕ್ಕೆ ಇಳಿದು ಹೆಪ್ಪು ಉಳಿಯುತ್ತದೆ ಎಂಬುದು ಅವರ ತರ್ಕ. ತರ್ಕ ಸೊಗಸಾಗಿದೆ, ಆದರೆ ಇಡೀ ಸೈಬೀರಿಯವನ್ನು ತುಳಿಯುವಷ್ಟು ಗೊರಸುಗಳನ್ನು ಎಲ್ಲಿಂದ ತರುವುದು?

ಕಾರ್ಖಾನೆಗಳ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. 2020ರ ಮೇ ತಿಂಗಳಲ್ಲಿ ನೊರಿಲ್ಸ್ಕ್ ಬಳಿ ಎಣ್ಣೆಯ ಭಾರಿ ತೊಟ್ಟಿಯೊಂದು ಕುಸಿದು ಸುಮಾರು 21,000 ಟನ್ನು ಡೀಸೆಲ್ ನದಿಗೂ ನೆಲಕ್ಕೂ ಹರಿಯಿತು. ಬುಡದ ನೆಲ ಕರಗಿದ್ದು ಕಾರಣವೆಂದು ಕೆಲವರು, ಕಟ್ಟಿದವರ ಮತ್ತು ಕಾಯುವವರ ಅಲಕ್ಷ್ಯವೆಂದು ಕೆಲವರು ಹೇಳಿದರು. ಎರಡೂ ಕೂಡಿದಾಗಲೇ ಅಲ್ಲವೆ ಇಂಥವು ನಡೆಯುವುದು!

ಸಮುದ್ರದಾಚೆ ಅಲಾಸ್ಕದಲ್ಲಿಯೂ ಇದೇ ಕತೆ, ಆದರೆ ಅಲ್ಲಿ ಒಂದು ಊರೇ ಎದ್ದು ಹೊರಟಿತು. ನ್ಯೂಟಾಕ್ ಎಂಬುದು ಯೂಪಿಕ್ ಜನರ ಹಳ್ಳಿ. ಋತುವಿಗೆ ತಕ್ಕಂತೆ ಬೇಟೆ ಮೀನುಗಳ ಜಾಡು ಹಿಡಿದು ತಿರುಗುತ್ತಿದ್ದವರು ಅವರು. ಶಾಲೆ ಕಟ್ಟಲು ಸಾಮಾನು ತಂದ ದೊಡ್ಡ ದೋಣಿ ಹೊಳೆಯಲ್ಲಿ ಎಲ್ಲಿಯವರೆಗೆ ಬರಲು ಸಾಧ್ಯವಾಯಿತೋ ಅಲ್ಲಿಯೇ ಊರು ನಿಂತಿತೆಂದು ಹೇಳುತ್ತಾರೆ. ಮೇಷ್ಟರ ಕೆಲಸ ಮಾಡುವ ನನಗೆ ಈ ವಿವರ ಚುಚ್ಚಿತು. ಶಾಲೆಗಾಗಿ ಒಂದೆಡೆ ನೆಲೆನಿಂತ ಜನರ ಕಾಲ ಕೆಳಗಿನ ನೆಲ ಕರಗಿ, ನಿಂಗ್ಲಿಕ್ ನದಿ ದಡವನ್ನು ವರ್ಷ ವರ್ಷ ತಿನ್ನುತ್ತ ಮನೆಗಳ ಬಾಗಿಲಿಗೆ ಬಂದಿತು. 2019ರಲ್ಲಿ ಮೊದಲ ಕುಟುಂಬಗಳು ಸುಮಾರು 15 ಕಿಲೋಮೀಟರು ದೂರದ ಮೆರ್ತಾರ್ವಿಕ್ ಎಂಬ ಹೊಸ ಊರಿಗೆ ಹೋದವು. 2024ರಲ್ಲಿ ಉಳಿದವರೂ ಹೋದರು.

ಹೆಪ್ಪುನೆಲವನ್ನು ನಂಬಿ ನಾವೂ ಒಂದು ಗಂಟನ್ನು ಇಟ್ಟಿದ್ದೇವೆಂದರೆ ಓದುಗರಿಗೆ ಆಶ್ಚರ್ಯವಾದೀತು. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪದಲ್ಲಿ ಬೆಟ್ಟದೊಳಗೆ ಕೊರೆದು 2008ರಲ್ಲಿ ಲೋಕದ ಬೆಳೆಗಳ ಬೀಜಭಂಡಾರವನ್ನು ತೆರೆದರು. ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಿಂದ ಹೋದ ಜೋಳ, ಸಜ್ಜೆ, ರಾಗಿ, ತೊಗರಿ, ಕಡಲೆಗಳ ಬೀಜ ಅಲ್ಲಿವೆ. ಯಂತ್ರಗಳು ಕೆಟ್ಟರೂ ಸುತ್ತಲಿನ ಹೆಪ್ಪುನೆಲ ಬೀಜವನ್ನು ಕಾಯುತ್ತದೆ ಎಂಬುದು ಕಟ್ಟಿದವರ ಭರವಸೆ. 2016ರ ಅಕ್ಟೋಬರಿನಲ್ಲಿ ಹಿಮ ಬೀಳಬೇಕಾದ ಕಾಲದಲ್ಲಿ ಮಳೆ ಸುರಿದು ಪ್ರವೇಶದ ಸುರಂಗದೊಳಕ್ಕೆ ನೀರು ನುಗ್ಗಿತು. ಬೀಜಗಳಿಗೆ ಏನೂ ಆಗಲಿಲ್ಲ. ಆಮೇಲೆ ಸುರಂಗವನ್ನು ನೀರು ಜಿನುಗದಂತೆ ಹೊಸದಾಗಿ ಕಟ್ಟಿ, ಅದರ ಸುತ್ತಣ ನೆಲವನ್ನು ತಂಪಾಗಿಡಲು ಯಂತ್ರಗಳನ್ನು ಹೂಡಿದರು.

ನಿತ್ಯವಾದ ಹೆಪ್ಪು ಎಂದು ಹೆಸರಿಟ್ಟ ಸುಮ್ಗಿನ್ ಅವರಿಗೂ ಇಂಥದೇ ಒಂದು ಕನಸಿತ್ತು: ನೆಲದಡಿಯಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ಮಾಡಿ, ಸಾವಿರಾರು ವರ್ಷಗಳ ಮುಂದಿನವರು ನೋಡುವಂತೆ ಪ್ರಾಣಿ ಸಸ್ಯಗಳನ್ನು ಅದರಲ್ಲಿ ಇಡಬೇಕೆಂದು. 1942ರಲ್ಲಿ ಅವರು ತೀರಿಕೊಂಡರು. ಯೆನಿಸೇಯ್ ನದಿಯ ದಡದ ಇಗಾರ್ಕಾ ಊರಿನ ಹೆಪ್ಪುನೆಲ ಸಂಶೋಧನಾ ಕೇಂದ್ರದವರು ಆ ಕನಸನ್ನು ಸಣ್ಣ ಪ್ರಮಾಣದಲ್ಲಿ ನಡೆಸಿಕೊಟ್ಟರು. 1950ರಲ್ಲಿ ಅವರು ಮಹಾಯುದ್ಧದ ಕಾಲದ ವೃತ್ತಪತ್ರಿಕೆಗಳನ್ನು ಕಟ್ಟಿ ನೆಲದಡಿಯ ನೀರ್ಗಲ್ಲಿನಲ್ಲಿ ಹುದುಗಿಸಿ, 2045ರಲ್ಲಿ ತೆರೆಯಬೇಕೆಂದು ಬರೆದಿಟ್ಟರು. ಅದೇ ಇಗಾರ್ಕಾದಲ್ಲಿ ಈಗ ಎಷ್ಟೋ ಕಟ್ಟಡಗಳು ಬುಡ ಸಡಿಲಿ ಬಿರುಕುಬಿಟ್ಟಿವೆ.

ಮರುದಿನ ತರಗತಿಯಲ್ಲಿ ಹಲಗೆಯ ಮೇಲಿನ 'ಶಾಶ್ವತ'ವನ್ನು ಒರೆಸಿ, ಈ ಪತ್ರಿಕೆಗಳ ಕತೆಯನ್ನು ಹೇಳಿದೆ. ಆ ಹುಡುಗಿ ಬೆರಳಲ್ಲಿ ಲೆಕ್ಕಹಾಕಿ, 2045ಕ್ಕೆ ತನಗೆ ಮೂವತ್ತೈದರ ಆಸುಪಾಸು ಎಂದಳು. "ಅಷ್ಟು ಹೊತ್ತಿಗೆ ಆ ಪೇಪರ್ ಓದೋಕೆ ಬರುತ್ತಾ ಸಾರ್?" ಎಂದು ಹಿಂದಿನ ಬೆಂಚಿನಿಂದ ಇನ್ನೊಬ್ಬ ಕೇಳಿದ. ರಷ್ಯನ್ ಕಲಿತಿದ್ದರೆ ಬರುತ್ತದೆ ಎಂದೆ. ಅವನು ಕೇಳಿದ್ದು ಅದಲ್ಲವೆಂದು ನನಗೂ ಗೊತ್ತಿತ್ತು.